ರಕ್ಷಣಾ ಖಾತೆ ತಾತನದು

2020ರಲ್ಲಿ ದೇಶಕ್ಕೆ ಬೀಗ ಬಿದ್ದಾಗ ಮೂರು ವರ್ಷದ ಮೊಮ್ಮಗಳ ರಕ್ಷಣಾ ಖಾತೆಯನ್ನು, ಯಾರೂ ಕೊಡದಿದ್ದರೂ, ನಾನೇ ವಹಿಸಿಕೊಂಡೆ. ಅರ್ಹತೆ, ವಾಟ್ಸಾಪ್ ಗುಂಪುಗಳ ಸದಸ್ಯತ್ವ.

ವೈರಾಣು ನುಸುಳದಂತೆ ಕಿಟಕಿಗಳೆಲ್ಲ ಬಂದ್. ಹಾಲಿನ ಪ್ಯಾಕೆಟ್ಟಿಗೆ ಸೋಪಿನ ಸ್ನಾನ. ಕಾಫಿಯಲ್ಲಿ ನೊರೆ ಉಕ್ಕಿದ ದಿನ ಮನೆಯಾಕೆ, "ನನ್ನ ಕೈಗುಣ ಅಂದ್ಕೋಬೇಡಿ, ಅದು ನಿಮ್ಮ ಸೋಪು" ಎಂದಳು.

ಮೊಮ್ಮಗಳಿಗೆ ಮಾಸ್ಕ್ ಹಾಕಿದಷ್ಟೂ ಕಿತ್ತಳು. ಕೊನೆಗೆ ಅದು ಅವಳ ಬಟ್ಟೆ ಆನೆಗೆ ಚಡ್ಡಿಯಾಯಿತು. ಅಳತೆ ಸರಿಯಾಗಿಯೇ ಇತ್ತು. ಕೈ ತೊಳೆಯುತ್ತ ಇಪ್ಪತ್ತರ ತನಕ ಎಣಿಸು ಎಂದರೆ "ಒಂದು, ಎರಡು, ಇಪ್ಪತ್ತು" ಎಂದು ನಲ್ಲಿ ನಿಲ್ಲಿಸಿದಳು. ಸೀನು ಬಂದರೆ ಮೊಣಕೈ ಮಡಚಿ ಅದರೊಳಗೆ ಸೀನಬೇಕೆಂದು ತೋರಿಸಿಕೊಟ್ಟೆ. ವಿಧೇಯ ಮಗು. ಸೀನು ಬಂದಾಗಲೆಲ್ಲ ಓಡಿ ಬಂದು, ನನ್ನ ಮೊಣಕೈ ಮಡಚಿ, ಅದರೊಳಗೆ ಸೀನತೊಡಗಿದಳು.

ಕಡೆಯ ಅಸ್ತ್ರವಾಗಿ ಕರ್ಪೂರ, ಓಮ, ಲವಂಗದ ಗಂಟನ್ನು ಅವಳ ಕೊರಳಿಗೆ ಕಟ್ಟಿ, ಶಹಬ್ಬಾಸ್‌ಗಿರಿಯ ಆಸೆಯಿಂದ ಮಕ್ಕಳ ಡಾಕ್ಟರಿಗೆ ವಿಡಿಯೊ ಕರೆ ಮಾಡಿದೆ.

"ಮೊದಲು ಅದನ್ನ ಬಿಚ್ಚಿ!" ಎಂದು ಕೂಗಿದರು. ಕರ್ಪೂರ ಸ್ವಲ್ಪವೇ ಹೊಟ್ಟೆಗಿಳಿದರೂ ಪುಟ್ಟ ಮಕ್ಕಳಿಗೆ ಫಿಟ್ಸ್ ಬರಬಹುದಂತೆ. ಐದು ವರ್ಷದವರೆಗಿನ ಮಕ್ಕಳಿಗೆ ಮಾಸ್ಕ್ ಕಡ್ಡಾಯ ಮಾಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಎರಡೂ ಆ ಆಗಸ್ಟಿನಲ್ಲೇ ಹೇಳಿದ್ದವಂತೆ. ನನ್ನ ಗುಂಪುಗಳಿಗೆ ಮಾತ್ರ ಆ ಸುದ್ದಿ ಬಂದಿರಲಿಲ್ಲ.

"ಕಿಟಕಿ?"

"ಗಾಳಿಯೂ ಆಡದ ಹಾಗೆ ಮುಚ್ಚಿದೀನಿ ಸಾರ್."

ಡಾಕ್ಟರು ಹಣೆ ಚಚ್ಚಿಕೊಂಡದ್ದು ಪರದೆಯಲ್ಲಿ ಸ್ಪಷ್ಟವಾಗಿ ಕಂಡಿತು. ಸೋಂಕಿದವರ ಉಸಿರಿನ ಸೂಕ್ಷ್ಮ ಹನಿಗಳು ಗಾಳಿಯಾಡದ ಕೋಣೆಯಲ್ಲೇ ತೇಲುತ್ತ ಹೆಚ್ಚುವುದು. ಕಿಟಕಿ ತೆರೆದರೆ ಚೆದುರಿಹೋಗುತ್ತವೆ.

"ದಿನಾ ಹೊರಗೆ ಹೋಗಿ ಬರೋರು ಯಾರು?"

ತರಕಾರಿ, ಮಾತ್ರೆ, ಪಕ್ಕದ ಬೀದಿಯ ಸುದ್ದಿ, ಎಲ್ಲಕ್ಕೂ ನಾನೇ.

"ನಿಮ್ಮ ಮಾಸ್ಕು?"

ಅದು ಗಲ್ಲದ ಕೆಳಗೆ ನೇತಾಡುತ್ತಿತ್ತು. ಮಗುವಿನ ಫ್ಲೂ ಲಸಿಕೆಯ ಬಗ್ಗೆ ಕೇಳುವಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ಹೋಯಿತೆಂದರೆ, ನಾನೇ ಕಳಿಸಿದೆ.

ಮುಂದೆ 2022ರಲ್ಲಿ ಕೋವಿಡ್ ಲಸಿಕೆ 12 ವರ್ಷದ ಮಕ್ಕಳ ತನಕ ಇಳಿಯಿತು; ಇವಳ ತನಕ ಬರಲಿಲ್ಲ. ಅಷ್ಟು ಚಿಕ್ಕವರಿಗೆ ಸುತ್ತಲಿನ ದೊಡ್ಡವರೇ ಬೇಲಿ, ಬೇಲಿಗೆ ಲಸಿಕೆ ಬಿದ್ದಿರಬೇಕಷ್ಟೆ. ಈಗ ಮನೆಗೆ ಇನ್ನೊಂದು ಕೂಸು ಬಂದಿದೆ. ಬಂಧುಮಿತ್ರರಲ್ಲಿ ವಿನಂತಿ: ನೆಗಡಿಯಿದ್ದರೆ ಮಗು ನೋಡಲು ಬರಬೇಡಿ. ಬೆಳ್ಳಿ ಲೋಟವನ್ನು ಕೊರಿಯರ್ ಮಾಡಿ.