ತೀರ್ಥರೂಪ ಸಮಾನರಾದ ಸಿ ಭಾಷೆಯವರಿಗೆ

 

ಬೆಲ್ ಲ್ಯಾಬ್ಸ್‌ನಲ್ಲಿ ಡೆನಿಸ್ ರಿಚಿಯವರು ತಮ್ಮನ್ನು ರೂಪಿಸಿದರು. 1973ರಲ್ಲಿ ಯುನಿಕ್ಸ್ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್ಲನ್ನು ತಮ್ಮಲ್ಲೇ ಮತ್ತೆ ಬರೆದರು. ಯಂತ್ರ ಬದಲಾದಾಗಲೆಲ್ಲ ಆಪರೇಟಿಂಗ್ ಸಿಸ್ಟಮ್ಮನ್ನು ಮೊದಲಿನಿಂದ ಬರೆಯುವ ಪಾಡಿನಿಂದ ನಮ್ಮನ್ನು ಬಿಡಿಸಿದವರು ತಾವು. ಲಿನಕ್ಸ್ ಇಂದಿಗೂ ಬಹುಪಾಲು ತಮ್ಮ ಅನ್ನವನ್ನೇ ಉಣ್ಣುತ್ತಿದೆ. ಈ ಋಣ ತೀರುವಂಥದ್ದಲ್ಲ.

ತಾವು ಪ್ರೋಗ್ರಾಮರನ್ನು ಪೂರ್ತಿ ನಂಬುತ್ತೀರಿ. ಹತ್ತು ಬೈಟಿನ ಜಾಗದಲ್ಲಿ ಹನ್ನೊಂದನೆಯದನ್ನು ತುರುಕಿದರೂ ಏಕೆಂದು ಕೇಳುವುದಿಲ್ಲ. 1988ರ ನವೆಂಬರಿನಲ್ಲಿ ಸಾವಿರಾರು ಕಂಪ್ಯೂಟರುಗಳಿಗೆ ನುಗ್ಗಿದ ಮಾರಿಸ್ ವರ್ಮ್‌ಗೆ ದಾರಿ ಮಾಡಿಕೊಟ್ಟ ಬಾಗಿಲುಗಳಲ್ಲಿ ಈ ಔದಾರ್ಯವೂ ಒಂದು. ಆ ಬಾಗಿಲಲ್ಲಿದ್ದ ತಮ್ಮ ಗೆಟ್ಸ್ ಫಂಕ್ಷನ್ ಬರುವ ಅಕ್ಷರಗಳನ್ನು ಎಣಿಸುತ್ತಲೇ ಇರಲಿಲ್ಲ. ಅದನ್ನು ತಮ್ಮ ಅಧಿಕೃತ ಮಾನಕದಿಂದ ಕೈಬಿಟ್ಟದ್ದು 2011ರಲ್ಲಿ. ತಮ್ಮ ತಾಳ್ಮೆ ದೊಡ್ಡದು.

2009ರ ಸಂಗತಿಯನ್ನು ಮಾತ್ರ ಸಂಕಟದಿಂದಲೇ ಅರಿಕೆ ಮಾಡಿಕೊಳ್ಳಬೇಕಾಗಿದೆ. ಲಿನಕ್ಸ್‌ನ ಟನ್ ಎಂಬ ನೆಟ್‌ವರ್ಕ್ ಡ್ರೈವರಿನಲ್ಲಿ ಒಂದು ಪಾಯಿಂಟರನ್ನು ಬಳಸಿ, ಆಮೇಲಿನ ಸಾಲಿನಲ್ಲಿ ಅದು ನಲ್ ಆಗಿದೆಯೇ ಎಂದು ಪರೀಕ್ಷಿಸಿದ್ದರು. ನಲ್ ಪಾಯಿಂಟರನ್ನು ಬಳಸಿದರೆ ಏನಾಗಬೇಕೆಂದು ತಮ್ಮ ನಿಯಮ ಹೇಳುವುದಿಲ್ಲ. ಹೀಗಾಗಿ ಕಂಪೈಲರ್ ತರ್ಕಿಸಿತು: ಬಳಸಿಯಾಗಿದೆ, ಅಂದಮೇಲೆ ಅದು ನಲ್ ಆಗಿರಲಾರದು, ಪರೀಕ್ಷೆ ದಂಡ. ಅಳಿಸಿಹಾಕಿತು. ಸೋರ್ಸ್ ಕೋಡ್ ಓದಿದವರ ಕಣ್ಣಿಗೆ ಕಾವಲು ಕಾಣುತ್ತಿತ್ತು. ಓಡುತ್ತಿದ್ದ ಕರ್ನಲ್‌ನಲ್ಲಿ ಅದು ಇರಲೇ ಇಲ್ಲ. ಆ ಸಂದಿನಲ್ಲಿ ಸಾಮಾನ್ಯ ಬಳಕೆದಾರ ಯಂತ್ರದ ಪೂರ್ತಿ ಹಿಡಿತವಾದ ರೂಟ್ ಅಧಿಕಾರಕ್ಕೆ ಏರಬಹುದಿತ್ತು. ಎರಡು ಸಾಲು ಹಿಂದುಮುಂದಾದದ್ದಕ್ಕೆ ಇಷ್ಟು ದೊಡ್ಡ ದಂಡವೇ, ಮಹನೀಯರೇ?

ಹುಷಾರಾಗಿ ಬರೆಯಿರಿ ಎನ್ನುತ್ತಾರೆ ತಮ್ಮ ಭಕ್ತರು. ಆದರೆ ತಾನು ಪ್ರತಿವರ್ಷ ಸರಿಪಡಿಸುವ ಭದ್ರತಾ ದೋಷಗಳಲ್ಲಿ ಸುಮಾರು 70% ಮೆಮೊರಿಗೆ ಸಂಬಂಧಿಸಿದವೆಂದು ಮೈಕ್ರೋಸಾಫ್ಟ್ 2019ರಲ್ಲಿ ತಿಳಿಸಿತು. ಅಲ್ಲಿನ ಎಂಜಿನಿಯರುಗಳಿಗೆ ಹುಷಾರಿನ ಕೊರತೆಯೇ? ಆ ಬುದ್ಧಿವಾದ ಕೇಳಿದರೆ ನನಗೆ ಸಿಟ್ಟು ಬರುತ್ತದೆ. ತಪ್ಪಿನ ಬೆಲೆ ತೆರುವವರು ಕೋಡ್ ಬರೆದವರಲ್ಲ, ಫೋನ್ ಹಿಡಿದ ಜನ.

ತಮ್ಮ ಮುಂದೆ ಕಿರಿಯರಾದ ರಸ್ಟ್ ಭಾಷೆಯವರ ಹೆಸರೆತ್ತಲು ಅಪ್ಪಣೆ ಬೇಡುತ್ತೇನೆ. 2015ರಲ್ಲಿ ಅವರ ಮೊದಲ ಸ್ಥಿರ ಆವೃತ್ತಿ ಬಂತು. ಪ್ರತಿ ಮೌಲ್ಯಕ್ಕೂ ಒಬ್ಬನೇ ಒಡೆಯ. ಎರವಲು ಪಡೆದವನು ಅವಧಿ ಮೀರಿದರೆ ಪ್ರೋಗ್ರಾಮ್ ಕಂಪೈಲ್ ಆಗುವುದೇ ಇಲ್ಲ. ಗಾರ್ಬೇಜ್ ಕಲೆಕ್ಟರ್ ಬೇಕಿಲ್ಲದ ಕಾರಣ ಕರ್ನಲ್ಲಿಗೂ ಒಗ್ಗುತ್ತಾರೆ. ಹಾರ್ಡ್‌ವೇರ್ ಮುಟ್ಟುವಾಗ ಅವರೂ ನಿಯಮ ಸಡಿಲಿಸುತ್ತಾರೆ ನಿಜ. ಆದರೆ ಆ ಜಾಗಕ್ಕೆ 'ಅನ್‌ಸೇಫ್' ಎಂಬ ಗುರುತು ಹಾಕಿರುತ್ತಾರೆ, ಪರಿಶೀಲಿಸುವವರಿಗೆ ಎಲ್ಲಿ ನೋಡಬೇಕೆಂದು ಗೊತ್ತಾಗುತ್ತದೆ. 2022ರ ಡಿಸೆಂಬರಿನಲ್ಲಿ ಲಿನಕ್ಸ್ 6.1 ಅವರನ್ನು ಒಳಗೆ ಕರೆದುಕೊಂಡಿತು. ಆಂಡ್ರಾಯ್ಡ್‌ನಲ್ಲಂತೂ ಹಳೆಯದನ್ನು ಕೆಡವದೆ, ಹೊಸ ಕೋಡನ್ನು ಇಂಥ ಭಾಷೆಗಳಲ್ಲಿ ಬರೆಯುತ್ತ ಬಂದರು. ಅಲ್ಲಿನ ಭದ್ರತಾ ದೋಷಗಳಲ್ಲಿ ಮೆಮೊರಿ ದೋಷಗಳ ಪಾಲು 2019ರಲ್ಲಿ 76% ಇದ್ದದ್ದು 2024ಕ್ಕೆ 24% ಆಯಿತು.

ಆದ್ದರಿಂದ ನನ್ನ ವಿನಂತಿ ಚಿಕ್ಕದು. ಬರೆದಾಗಿರುವ ಕೋಟ್ಯಂತರ ಸಾಲುಗಳು ತಮ್ಮಲ್ಲೇ ಇರಲಿ. ಇನ್ನು ಹುಟ್ಟುವ ಡ್ರೈವರುಗಳನ್ನು, ಅವುಗಳಲ್ಲೂ ಮೊದಲು ನೆಟ್‌ವರ್ಕಿನಿಂದ ಬಂದ ಅಪರಿಚಿತ ಪ್ಯಾಕೆಟ್ಟುಗಳನ್ನು ಓದುವಂಥವನ್ನು, ದಯಮಾಡಿ ಕಿರಿಯರಿಗೆ ಬಿಟ್ಟುಕೊಡಬೇಕು.

ಇತಿ ತಮ್ಮ ವಿಧೇಯ,
ಒಬ್ಬ ಕರ್ನಲ್ ಪ್ರೋಗ್ರಾಮರ್