ಅಪ್ರದಕ್ಷಿಣೆ

ಬೆಳಗಿನ ನಾಲ್ಕೂವರೆಗೆ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎಚ್ಚರವಿರುವವರು ಮೂರೇ ಮಂದಿ: ನೀರಿನ ಟ್ಯಾಂಕರಿನ ಡ್ರೈವರ್, ನಿದ್ದೆ ಬಾರದೆ ಬಾಲ್ಕನಿಯಲ್ಲಿ ಕೂತ ಎರಡನೇ ಮಹಡಿಯ ಅಜ್ಜ ಮತ್ತು ನಾನು. ಸೆಕ್ಯುರಿಟಿಯವರನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ. ರಾತ್ರಿಯೆಲ್ಲ ಕಾವಲು ಕಾದು ಅವರಿಗೆ ಆಗಷ್ಟೇ ಜೊಂಪು ಹತ್ತಿರುತ್ತದೆ. ಡ್ರೈವರ್ ಎದ್ದಿರುವುದು ಹೊಟ್ಟೆಪಾಡಿಗೆ, ಅಜ್ಜ ಎದ್ದಿರುವುದು ವಯಸ್ಸಿಗೆ. ನಾನು ಯಾಕೆ ಎದ್ದಿದ್ದೇನೆ ಎಂಬುದಕ್ಕೆ ಮಾತ್ರ ಇಡೀ ಕಟ್ಟಡಕ್ಕೆ, ನನ್ನ ಹೆಂಡತಿಯನ್ನೂ ಸೇರಿಸಿ, ಒಪ್ಪುವಂಥ ಕಾರಣ ಸಿಕ್ಕಿಲ್ಲ.

ಅಜ್ಜನಿಗೆ ಒಮ್ಮೆ ವಿವರಿಸಲು ನೋಡಿದೆ. ಮ್ಯಾರಥಾನ್ ಅಂದರೆ 42 ಕಿಲೋಮೀಟರ್ ಓಟ ಅಂದೆ.

"ಅಷ್ಟು ದೂರದಲ್ಲಿ ಏನು ಕೆಲಸ?"

"ಕೆಲಸ ಏನಿಲ್ಲ ತಾತ. ಸುತ್ತಾಡಿಕೊಂಡು ಹೊರಟ ಜಾಗಕ್ಕೇ ವಾಪಸ್ ಬರೋದು."

"ಹಾಗಿದ್ಮೇಲೆ ಹೊರಡೋದು ಯಾಕೆ?"

ಟ್ಯಾಂಕರ್ ರಿವರ್ಸ್ ತೆಗೆದುಕೊಳ್ಳುತ್ತ ಕುಂಯ್ ಕುಂಯ್ ಎಂದು ಕೂಗಲಾರಂಭಿಸಿದ್ದರಿಂದ ನಾನು ಉತ್ತರ ಕೊಡುವುದು ತಪ್ಪಿತು. ಟ್ಯಾಂಕರಿನಿಂದ ಉಪಕಾರವಾಗಿದ್ದು ಅದೊಂದೇ ಸಲ.

ನಮ್ಮ ಫ್ರಿಜ್ಜಿನ ಬಾಗಿಲ ಮೇಲೆ ಹದಿನಾರು ವಾರಗಳ ತರಬೇತಿಯ ಪಟ್ಟಿ ಅಂಟಿಸಿದೆ. ಮಂಗಳವಾರ ವೇಗದ ಓಟ, ಗುರುವಾರ ಟೆಂಪೊ, ಭಾನುವಾರ ಲಾಂಗ್ ರನ್, ಸೋಮವಾರ ವಿಶ್ರಾಂತಿ. ದಿನವೂ ಎಂಟು ಗಂಟೆ ನಿದ್ದೆ. ಇದನ್ನು ಬರೆದ ಪುಣ್ಯಾತ್ಮ ಯಾವ ದೇಶದವನೋ ತಿಳಿಯದು, ಆದರೆ ಅಪಾರ್ಟ್‌ಮೆಂಟಿನಲ್ಲಿ ಬಾಳ್ವೆ ಮಾಡಿದವನಲ್ಲ ಎಂದು ಬರೆದುಕೊಡಬಲ್ಲೆ. ಅವನ ಪಟ್ಟಿಯಲ್ಲಿ ಲಿಫ್ಟಿಗೆ ಒಂದು ಕಾಲಂ ಇಲ್ಲ, ಮೇಲಿನ ಮನೆಗೆ ಇಲ್ಲ, ಸೊಸೈಟಿಯ ಸುತ್ತೋಲೆಗೆ ಇಲ್ಲ. ಓಟ ಅಕ್ಟೋಬರಿನಲ್ಲಿದ್ದರೆ ತರಬೇತಿ ಆಷಾಢದಲ್ಲಿ ಶುರುವಾಗಿ ವರಮಹಾಲಕ್ಷ್ಮಿ, ಗೌರಿ, ಗಣೇಶ, ಪಿತೃಪಕ್ಷ, ನವರಾತ್ರಿ ಎಲ್ಲದರ ನಡುವೆ ತೂರಿಕೊಂಡು ಹೋಗಬೇಕಾಗುತ್ತದೆ ಎಂಬುದಂತೂ ಅವನ ಕನಸಿಗೂ ಬಂದಿರಲಾರದು.

ಓಡುವುದೆಲ್ಲಿ ಎಂಬುದು ಮೊದಲ ಪ್ರಶ್ನೆ. ಗೇಟು ದಾಟಿದರೆ ಕನಕಪುರ ರಸ್ತೆ. ನಸುಕಿನಲ್ಲಿ ಒಬ್ಬ ಮನುಷ್ಯ ಓಡುವುದನ್ನು ಕಂಡರೆ ಅಲ್ಲಿನ ನಾಯಿಗಳಿಗೆ ತಮ್ಮ ಕರ್ತವ್ಯ ನೆನಪಾಗುತ್ತದೆ. ಕಾಲಿಗೆ ಬುದ್ಧಿ ಹೇಳುವುದನ್ನು ಯಾವ ಕೋಚೂ ಅವುಗಳಷ್ಟು ಚೆನ್ನಾಗಿ ಕಲಿಸಲಾರ. ಕಬ್ಬನ್ ಪಾರ್ಕಿಗೆ ಭಾನುವಾರ ವಾಹನಗಳ ಪ್ರವೇಶವಿಲ್ಲ, ಓಟಗಾರರಿಗೆ ಅದು ಸ್ವರ್ಗವೇ. ಆದರೆ ಭಾನುವಾರ ಮೆಟ್ರೊ ಕಣ್ಣು ಬಿಡುವುದೇ ಏಳಕ್ಕೆ. ಅದರಲ್ಲಿ ಹೋಗಿ 30 ಕಿಲೋಮೀಟರ್ ಓಡುವಷ್ಟರಲ್ಲಿ ಊರಿಗೆ ಊರೇ ಊಟಕ್ಕೆ ಕೂತಿರುತ್ತದೆ. ಕ್ಲಬ್‌ಹೌಸಿನಲ್ಲಿ ಟ್ರೆಡ್‌ಮಿಲ್ ಏನೋ ಇದೆ. ತಲೆಗೆ 20 ನಿಮಿಷ ಎಂಬ ಬೋರ್ಡೂ ಅದರ ಎದುರಿಗೇ ಇದೆ. ಹೀಗಾಗಿ ವಾರದ ದಿನಗಳಲ್ಲಿ ನನಗೆ ಉಳಿದದ್ದು ಕಾಂಪೌಂಡಿನೊಳಗೆ ಎರಡು ಬ್ಲಾಕ್‌ಗಳನ್ನು ಬಳಸಿ ಬರುವ ಕಾಂಕ್ರೀಟ್ ರಸ್ತೆ. ಒಂದು ಸುತ್ತಿಗೆ ಸುಮಾರು 350 ಮೀಟರ್.

ಆ ರಸ್ತೆಗೆ ವಾರಸುದಾರರಿದ್ದಾರೆ. ನಿವೃತ್ತರ ವಾಕಿಂಗ್ ತಂಡ. ನಾಲ್ಕು ಜನ ಅಡ್ಡಸಾಲಿನಲ್ಲಿ, ತೋಳಿಗೆ ತೋಳು ತಾಗುವಂತೆ, ಎಫ್‌ಡಿ ಬಡ್ಡಿಯಿಂದ ಅಮೆರಿಕದ ಮೊಮ್ಮಗನವರೆಗೆ ಮಾತಾಡುತ್ತ ನಡೆಯುತ್ತಾರೆ. ಮೂಲೆಯಲ್ಲಿ ಒಂದು ಅರಳಿಮರ, ಅದರ ಬುಡದಲ್ಲಿ ಪುಟ್ಟ ಗಣಪತಿ ಗುಡಿ. ಗುಡಿ ಇರುವುದರಿಂದ ತಂಡದ ನಡಿಗೆ ಪ್ರದಕ್ಷಿಣೆಯ ದಿಕ್ಕಿನಲ್ಲಿ. ನಾನು ಓಡುವುದು ಅದಕ್ಕೆ ಉಲ್ಟಾ. ಇದು ನನ್ನ ಉದ್ಧಟತನವಲ್ಲ. ಅಥ್ಲೆಟಿಕ್ಸ್ ಟ್ರ್ಯಾಕಿನಲ್ಲಿ ಓಟಗಾರನ ಎಡಗೈ ಒಳಬದಿಗೆ ಇರಬೇಕೆಂಬುದು ನಿಯಮ. ಗಡಿಯಾರದ ಮುಳ್ಳಿಗೆ ವಿರುದ್ಧವಾಗಿಯೇ ಜಗತ್ತು ಓಡುವುದು. ಮೇಲಾಗಿ ಎದುರಿನಿಂದ ಬಂದರೆ ಅಡ್ಡಸಾಲು ನನ್ನನ್ನು ನೋಡಿ ದಾರಿ ಬಿಟ್ಟೀತು ಎಂಬ ಆಸೆ.

ದಾರಿ ಬಿಡಲಿಲ್ಲ, ನಿಲ್ಲಿಸಿದರು. ತಂಡದ ಮುಂದಾಳು ಬ್ಯಾಂಕ್ ಮ್ಯಾನೇಜರಾಗಿ ನಿವೃತ್ತರಾದವರು. ಸಾಲದ ಅರ್ಜಿ ನೋಡುವ ಮುಖ ಇನ್ನೂ ಹೋಗಿಲ್ಲ.

"ಏನ್ರೀ, ದಿನಾ ಅಪ್ರದಕ್ಷಿಣೆ ಹಾಕ್ತಿದ್ದೀರಲ್ಲ!"

"ಸಾರ್, ನಾನು ಸುತ್ತುತ್ತಿರೋದು ದೇವರನ್ನಲ್ಲ, ಕಟ್ಟಡಾನ."

"ಕಟ್ಟಡದೊಳಗೆ ದೇವರಿಲ್ವೇನು? ಎಷ್ಟು ಸುತ್ತು ಹಾಕ್ತೀರಿ?"

ಪೂರ್ತಿ ಮ್ಯಾರಥಾನ್ ಅಂದರೆ ಈ ಕಾಂಪೌಂಡಿಗೆ 120 ಸುತ್ತಿಗೂ ತುಸು ಹೆಚ್ಚು ಎಂದೆ. ಅವರು ಕ್ಷಣ ಯೋಚಿಸಿದರು. "108 ಆಗಿದ್ದಿದ್ರೆ ಹರಕೆ ಅನ್ನಬಹುದಿತ್ತು. 120 ಯಾವ ಲೆಕ್ಕಕ್ಕೂ ಬರಲ್ಲ."

ಲೆಕ್ಕಕ್ಕೆ ಬರುವುದಿಲ್ಲ ಎಂಬುದನ್ನು ನಾನೂ ಒಪ್ಪುತ್ತೇನೆ. ಮ್ಯಾರಥಾನಿನ ದೂರವೇ ಒಂದು ವಿಚಿತ್ರ ಲೆಕ್ಕ. 1908ರ ಲಂಡನ್ ಒಲಿಂಪಿಕ್ಸಿನಲ್ಲಿ ಓಟವನ್ನು ವಿಂಡ್ಸರ್ ಅರಮನೆಯ ಅಂಗಳದಿಂದ ಹೊರಡಿಸಿದರು. ಅಲ್ಲಿಂದ ಸ್ಟೇಡಿಯಂಗೆ 26 ಮೈಲಿ. ಸ್ಟೇಡಿಯಮ್ಮಿನೊಳಗೆ ರಾಜಮನೆತನದವರ ಆಸನಗಳ ಮುಂದೆ ಮುಗಿಯಬೇಕಲ್ಲ, ಅದಕ್ಕೆ ಇನ್ನೂ 385 ಗಜ. 1921ರಲ್ಲಿ ಅದನ್ನೇ 42.195 ಕಿಲೋಮೀಟರ್ ಎಂದು ಕಾಯಂ ಮಾಡಿಬಿಟ್ಟರು. ದೊಡ್ಡ ಮನೆಯವರ ಅನುಕೂಲಕ್ಕೆ ಎಳೆದ ಗೆರೆಯನ್ನು ಲೋಕವೆಲ್ಲ ಇಂದಿಗೂ ಓಡುತ್ತಿದೆ. ಆ 385 ಗಜ ಅಂದರೆ 352 ಮೀಟರ್, ಹೆಚ್ಚುಕಡಿಮೆ ನಮ್ಮ ಕಾಂಪೌಂಡಿನ ಒಂದು ಸುತ್ತು.

ಆ ಸುತ್ತಿನಲ್ಲೇ ಇಟಲಿಯ ದೊರಾಂಡೊ ಪಿಯೆತ್ರಿಯ ಕಥೆ ನಡೆದದ್ದು. ಎಲ್ಲರಿಗಿಂತ ಮುಂದಾಗಿ ಸ್ಟೇಡಿಯಂ ಹೊಕ್ಕವನು ದಣಿವಿನ ಮಂಪರಿನಲ್ಲಿ ತಪ್ಪು ದಿಕ್ಕಿಗೆ ತಿರುಗಿಬಿಟ್ಟ. ಅಂಪೈರುಗಳು ಸರಿದಾರಿಗೆ ತಿರುಗಿಸಿದರೆ ಬಿದ್ದ, ಎದ್ದ, ಮತ್ತೆ ಬಿದ್ದ. ಅಷ್ಟು ದೂರಕ್ಕೆ ಹತ್ತು ನಿಮಿಷ ಹಿಡಿಯಿತು. ಕೊನೆಗೆ ಅವರೇ ಹಿಡಿದು ಗೆರೆ ದಾಟಿಸಿದ್ದಕ್ಕೆ ಅನರ್ಹನಾದ. ಚಿನ್ನ ಅಮೆರಿಕದ ಜಾನಿ ಹೇಯ್ಸ್ ಪಾಲಾಯಿತು. ಈ ಪ್ರಸಂಗವನ್ನು ನಾನು ಮ್ಯಾನೇಜರ್ ಸಾಹೇಬರಿಗೆ ಹೇಳಿದ್ದು ಮ್ಯಾರಥಾನಿನ ಘನತೆ ಅರ್ಥವಾಗಲಿ ಎಂದು. ಅವರು ಕಣ್ಣರಳಿಸಿ ಕೇಳಿ, ಉಳಿದ ಮೂವರ ಕಡೆ ತಿರುಗಿದರು. "ನೋಡಿದ್ರಾ? ನಾನು ಹೇಳ್ಲಿಲ್ವಾ? ದಿಕ್ಕು ತಪ್ಪಿ ಸುತ್ತಿದ್ರೆ ಹಾಗೇ ಆಗೋದು." ಮಾತಿಗೆ ಕೊಸರು ಸೇರಿಸಿದರು: "ಓಟದ ವಿಷಯ ಗಣಪತಿಗೆ ಹೇಳಿಕೊಡ್ಬೇಡಿ. ಅಪ್ಪ ಅಮ್ಮನಿಗೆ ಒಂದು ಸುತ್ತು ಬಂದು ಷಣ್ಮುಖನನ್ನೇ ಸೋಲಿಸಿದವನು ಅವನು. ಅವನೂ ಪ್ರದಕ್ಷಿಣೇನೇ ಹಾಕಿದ್ದು."

ಮರುದಿನದಿಂದ ನಾನು ಪ್ರದಕ್ಷಿಣೆಯಲ್ಲೇ ಓಡುತ್ತಿದ್ದೇನೆ. ಪ್ರತಿ ಸುತ್ತಿಗೂ ಅಡ್ಡಸಾಲಿನ ಬೆನ್ನಿಗೆ ಬಂದು "ಸಾರ್, ಸೈಡ್" ಅನ್ನಬೇಕು. ಎಫ್‌ಡಿ ಬಡ್ಡಿ ಶೇಕಡಾ ಎಷ್ಟೆಂದು ಇತ್ಯರ್ಥವಾಗುವ ತನಕ ಹಿಂದೆಯೇ ಕುಣಿಯಬೇಕು. ಇದಕ್ಕೆ ಇಂಟರ್ವಲ್ ಟ್ರೈನಿಂಗ್ ಎನ್ನಬಹುದು.

ನನ್ನ ಕೈಗಡಿಯಾರಕ್ಕೂ ಈ ಕಾಂಪೌಂಡ್ ಒಗ್ಗಿಲ್ಲ. ಉಪಗ್ರಹದ ಸಂಕೇತಗಳು ಎರಡು ಹದಿನಾಲ್ಕು ಮಹಡಿಯ ಗೋಡೆಗಳ ನಡುವೆ ಬಡಿದು ಪುಟಿದು ಬರುವಷ್ಟರಲ್ಲಿ ಅದಕ್ಕೆ ಬುದ್ಧಿಭ್ರಮಣೆ. ಓಟ ಮುಗಿಸಿ ನಕ್ಷೆ ನೋಡಿದರೆ ನಾನು ಈಜುಕೊಳವನ್ನು ಉದ್ದಕ್ಕೆ ದಾಟಿ, ಬಿ ಬ್ಲಾಕಿನ ಯಾರದೋ ಅಡುಗೆಮನೆ ಹೊಕ್ಕು, ಜನರೇಟರ್ ಕೋಣೆಯಿಂದ ಹೊರಬಿದ್ದಿರುತ್ತೇನೆ. ಎಲಿಯುಡ್ ಕಿಪ್ಚೋಗೆ 2019ರಲ್ಲಿ ವಿಯೆನ್ನಾದಲ್ಲಿ 1 ಗಂಟೆ 59 ನಿಮಿಷ 40 ಸೆಕೆಂಡಿನಲ್ಲಿ ಓಡಿ ಮುಗಿಸಿದಾಗ ಕಿಲೋಮೀಟರಿಗೆ 2 ನಿಮಿಷ 50 ಸೆಕೆಂಡ್ ಬಿದ್ದಿತ್ತು. ಜನರೇಟರ್ ಕೋಣೆಯ ತಿರುವಿನಲ್ಲಿ ನಾನು ಅದನ್ನು ಹಲವು ಸಲ ಮೀರಿದ್ದೇನೆ. ಗಡಿಯಾರವೇ ಸಾಕ್ಷಿ.

ಗೇಟಿನಾಚೆ ಓಡುವ ದಿನಗಳಲ್ಲಿ ಬೇರೆ ತಾಪತ್ರಯ. "ಹೇಗೂ ಓಡ್ತಾ ಇದ್ದೀರಲ್ಲ" ಎಂಬ ಮಾತಿಗೆ ಇಷ್ಟೊಂದು ಶಕ್ತಿಯಿದೆ ಎಂದು ನನಗೆ ತಿಳಿದಿರಲಿಲ್ಲ. ಹೇಗೂ ಓಡ್ತಾ ಇದ್ದೀರಲ್ಲ, ಬರೋವಾಗ ಎರಡು ನಂದಿನಿ ಪ್ಯಾಕೆಟ್ ತನ್ನಿ. ಹೇಗೂ ಓಡ್ತಾ ಇದ್ದೀರಲ್ಲ, ಮಾರ್ಕೆಟ್ ಕಡೆ ಹೋದ್ರೆ ಐದು ರೂಪಾಯಿ ಕರಿಬೇವು. ಟೆಂಪೊ ಓಟವೆಂದರೆ ಮಾತಾಡಲು ಉಸಿರು ಸಾಲದಷ್ಟು ವೇಗದಲ್ಲಿ, ಒಂದೇ ಲಯದಲ್ಲಿ ಓಡುವುದು. ಅದನ್ನು ನಾನು ಎರಡೂ ಕೈಯಲ್ಲಿ ಅರ್ಧರ್ಧ ಲೀಟರ್ ಹಾಲು ಹಿಡಿದು, ಕಂಕುಳಲ್ಲಿ ಕರಿಬೇವಿನ ಕಟ್ಟು ಇಟ್ಟುಕೊಂಡು ಮಾಡಿದ್ದೇನೆ. ಪ್ಯಾಕೆಟ್ಟಿನ ತಣ್ಣನೆಯ ಬೆವರು ಮೊಣಕೈವರೆಗೆ ಇಳಿಯುತ್ತಿತ್ತು. ಎದುರು ಬಂದ ಇನ್ನೊಬ್ಬ ಓಟಗಾರ ನನ್ನ ಕೈ ನೋಡಿ, ಡಂಬೆಲ್ಸಿನ ಹೊಸ ಬಗೆಯೇನೋ ಎಂದು ಗೌರವದಿಂದ ತಲೆಬಾಗಿಸಿ ಹೋದ.

ಶೂಗಳ ವಿಷಯ ಕೋರ್ಟ್ ಮೆಟ್ಟಿಲು ಹತ್ತುವುದೊಂದು ಬಾಕಿ. ಓಟದ ಶೂವಿನ ಆಯಸ್ಸು ಹೆಚ್ಚುಕಡಿಮೆ 500ರಿಂದ 800 ಕಿಲೋಮೀಟರ್, ಅದರಲ್ಲೂ ಜೊತೆ ಬದಲಾಯಿಸುತ್ತ ಓಡಿದರೆ ಒಳ್ಳೆಯದು ಎನ್ನುತ್ತಾರೆ. ಮಳೆಗಾಲದಲ್ಲಿ ನೆನೆದ ಮೂರು ಜೊತೆ ಶೂ ಮನೆಯೊಳಗೆ ಬರಕೂಡದು ಎಂದು ಗೃಹ ಇಲಾಖೆಯ ಆದೇಶ. ಬಾಗಿಲ ಹೊರಗಿನ ಓಣಿಯಲ್ಲಿ ಇಡಕೂಡದು ಎಂದು ಸೊಸೈಟಿಯ ಆದೇಶ. ಬೆಂಕಿ ಬಿದ್ದರೆ ಜನ ಓಡಲು ದಾರಿ ಬೇಕಂತೆ. ಓಡುವವನ ಶೂಗಳಿಂದಲೇ ಓಡುವವರಿಗೆ ಅಡ್ಡಿ! ಆಗೆಲ್ಲ ನನಗೆ ಶಿವನಾಥ್ ಸಿಂಗ್ ನೆನಪಾಗುತ್ತಾರೆ. ಕಾಲಿಗೆ ಪ್ಲಾಸ್ಟರ್ ಸುತ್ತಿಕೊಂಡು ಬರಿಗಾಲಲ್ಲಿ ಓಡುತ್ತಿದ್ದ ಸೈನಿಕ. 1978ರಲ್ಲಿ ಜಲಂಧರಿನಲ್ಲಿ 2 ಗಂಟೆ 12 ನಿಮಿಷಕ್ಕೆ ಮ್ಯಾರಥಾನ್ ಮುಗಿಸಿ, ನಾಲ್ಕು ದಶಕಕ್ಕೂ ಹೆಚ್ಚು ಕಾಲ ಅಳಿಯದೆ ಉಳಿದ ರಾಷ್ಟ್ರೀಯ ದಾಖಲೆ ಬರೆದರು. ಅವರ ಸಾಧನೆಯ ಎದುರು ನಾವೆಲ್ಲ ಧೂಳು, ಸರಿಯೇ. ಆದರೆ ಶೂ ರ್‍ಯಾಕ್ ಬಗ್ಗೆ ಯಾರೂ ಅವರಿಗೆ ನೋಟಿಸ್ ಕೊಟ್ಟಿರಲಾರರು.

ಇನ್ನು ಲಿಫ್ಟ್. ಲಾಂಗ್ ರನ್ ಮುಗಿದ ದಿನ ಕಾಲು ಅಷ್ಟಾಗಿ ನೋಯುವುದಿಲ್ಲ. ನೋವು ಗರಿಗೆದರುವುದು ಒಂದೆರಡು ದಿನ ಕಳೆದ ಮೇಲೆ. ಮೆಟ್ಟಿಲು ಹತ್ತುವುದಕ್ಕಿಂತ ಇಳಿಯುವುದೇ ಘೋರ. ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಮೈಭಾರ ಹೊರಬೇಕು. ಭಾನುವಾರ ಓಡಿದವನಿಗೆ ಮಂಗಳವಾರ ಏಳನೇ ಮಹಡಿಯಿಂದ ಇಳಿಯುವುದು ಬೆಟ್ಟಕ್ಕೆ ಸಮ, ನಮ್ಮ ಲಿಫ್ಟಿನ ಸರ್ವೀಸ್ ಇರುವುದೂ ಮಂಗಳವಾರ. ಇದಕ್ಕೆ ನಾನು ಕಂಡುಕೊಂಡ ಉಪಾಯ, ಕಂಬಿ ಹಿಡಿದು ಹಿಮ್ಮುಖವಾಗಿ ಇಳಿಯುವುದು. ಐದನೇ ಮಹಡಿಯ ಪುಟ್ಟ ಹುಡುಗಿ ಸ್ಕೂಲ್ ಬ್ಯಾಗ್ ಹೊತ್ತು ನನ್ನನ್ನು ದಾಟಿ ಹೋದಳು. ಕೆಳಗಿನ ಮೆಟ್ಟಿಲಲ್ಲಿ ನಿಂತು ನನ್ನ ಬೆನ್ನನ್ನೇ ನೋಡುತ್ತ, "ಅಂಕಲ್, ನೀವು ಹತ್ತುತ್ತಾ ಇದ್ದೀರೋ ಇಳೀತಾ ಇದ್ದೀರೋ?" ಅಂದಳು. ಹೇಳಲು ಕಷ್ಟವಿತ್ತು.

ರಾತ್ರಿ ಒಂಬತ್ತಕ್ಕೆ ಮಲಗಿದರೆ ಮೇಲಿನ ಮನೆಯಲ್ಲಿ ಗೋಲಿ ಉರುಳುವ ಸದ್ದು. ಅಪಾರ್ಟ್‌ಮೆಂಟಿನಲ್ಲಿರುವ ಎಲ್ಲರೂ ಈ ಸದ್ದು ಕೇಳಿದ್ದಾರೆ, ಯಾರೂ ಗೋಲಿ ಕಂಡಿಲ್ಲ. ಪೈಪಿನಲ್ಲಿ ನೀರು ತಟ್ಟನೆ ನಿಂತಾಗ ಹೊಡೆಯುವ ಪೆಟ್ಟು ಎಂದು ಬಲ್ಲವರು ಹೇಳುತ್ತಾರೆ. ಮೇಲಿನವರನ್ನೇ ಕೇಳೋಣವೆಂದು ಹೋದರೆ ಅವರೂ ಅದೇ ದೂರನ್ನು ತಮ್ಮ ಮೇಲಿನವರ ಮೇಲೆ ಹೇಳಿದರು. ನಮ್ಮ ಕೆಳಗಿನವರಂತೂ ನೇರವಾಗಿ ಮೆಟ್ಟಿಲು ಹತ್ತಿಯೇ ಬಂದರು. "ಸಾರ್, ತಪ್ಪು ತಿಳೀಬೇಡಿ. ರಾತ್ರಿ ಹೊತ್ತು ನಿಮ್ಮನೇಲಿ ಏನು ರುಬ್ತೀರಿ?" ರುಬ್ಬುತ್ತಿದ್ದುದು ನನ್ನ ತೊಡೆಯನ್ನೇ. ನೋವಿಗೆ ಫೋಮ್ ರೋಲರ್ ಎಂಬ ಉರುಳೆಯನ್ನು ನೆಲದ ಮೇಲಿಟ್ಟು ಅದರ ಮೇಲೆ ಹೊರಳಾಡಬೇಕು. ಗರಗರ ಸದ್ದು, ನಡುವೆ "ಅಯ್ಯಪ್ಪಾ" ಎಂಬ ನನ್ನ ನರಳಾಟ. ಬಂದವರಿಗೆ ರೋಲರ್ ತೋರಿಸಿ, ಹೊರಳಿಯೂ ತೋರಿಸಿದೆ. ಅವರಿಗೂ ಸೊಂಟನೋವಿತ್ತು. ಈಗ ಅವರ ಮನೆಯಲ್ಲೂ ಒಂದು ಇದೆ, ಐದನೇ ಮಹಡಿಯವರಿಗೆ ನಿದ್ದೆಯಿಲ್ಲ.

ಗಣೇಶನ ಹಬ್ಬದಲ್ಲಿ ಮೂರು ರಾತ್ರಿ ಆರ್ಕೆಸ್ಟ್ರಾ ನಡೆದು ನಿದ್ದೆ ಕೆಟ್ಟದ್ದು ನಿಜ. ಆದರೆ ನನ್ನ ಪಟ್ಟಿಯಲ್ಲಿ ಆ ವಾರ ಪಿಷ್ಟ ಹೆಚ್ಚು ತಿನ್ನಬೇಕೆಂದಿತ್ತು. ಪಾಶ್ಚಾತ್ಯರು ಅದಕ್ಕೆ ಪಾಸ್ತಾ ಬೇಯಿಸಿಕೊಂಡು ಒದ್ದಾಡುತ್ತಾರೆ. ನಮ್ಮಲ್ಲಿ ಸೊಸೈಟಿಯೇ ಬಿಸಿಬೇಳೆಬಾತ್, ಪುಳಿಯೋಗರೆ, ಕಡುಬು ಎಂದು ಎಲೆ ತುಂಬ ಬಡಿಸಿತು. ಅಂಥ ವೈಜ್ಞಾನಿಕ ವ್ಯವಸ್ಥೆಯನ್ನು ನಾನು ಎಲ್ಲೂ ಕಂಡಿಲ್ಲ.

ಓಟದ ದಿನದ ಬಗ್ಗೆ ಹೆಚ್ಚೇನಿಲ್ಲ. ಮೈಯಲ್ಲಿ ಕೂಡಿಟ್ಟ ಗ್ಲೈಕೋಜನ್ ಸುಮಾರು 30ನೇ ಕಿಲೋಮೀಟರ್ ಹೊತ್ತಿಗೆ ಬರಿದಾಗುತ್ತ ಬರುತ್ತದೆ, ಓಟಗಾರರು ಅದಕ್ಕೆ 'ಗೋಡೆ' ಅನ್ನುತ್ತಾರೆ. ಹಲಸೂರಿನ ಹತ್ತಿರ ನಾನು ಆ ಗೋಡೆಗೆ ಹಣೆ ಚಚ್ಚಿಕೊಳ್ಳುತ್ತಿರುವಾಗ ಸೊಂಟದ ಚೀಲದಲ್ಲಿ ಫೋನ್ ಬಡಿದುಕೊಂಡಿತು. ಮನೆಯಲ್ಲಿ ಏನಾಯಿತೋ ಎಂದು ಎತ್ತಿದೆ. ಸೆಕ್ಯುರಿಟಿ.

"ಸಾರ್, ಟ್ಯಾಂಕರ್ ಬಂದಿದೆ. ನಿಮ್ಮ ಕಾರು ಸ್ವಲ್ಪ ಹಿಂದಕ್ಕೆ ತೆಗೀಬೇಕಂತೆ."

"ನಾನು... ಓಡ್ತಾ... ಇದ್ದೀನಪ್ಪಾ..."

"ಪರವಾಗಿಲ್ಲ ಸಾರ್, ಅರ್ಜೆಂಟಿಲ್ಲ. ನಿಧಾನಕ್ಕೆ ನಡ್ಕೊಂಡೇ ಬನ್ನಿ."

ಉಳಿದ ದೂರವನ್ನು ನಾನು ಬಹುಮಟ್ಟಿಗೆ ಆ ಸಲಹೆಯ ಪ್ರಕಾರವೇ ಮುಗಿಸಿದೆ.

ಪದಕ ಹಾಕಿಕೊಂಡು ಬಂದ ಮೇಲೆ ಸೊಸೈಟಿಯ ಧೋರಣೆ ಬದಲಾಯಿತು. ರಾಜ್ಯೋತ್ಸವಕ್ಕೆ ನಿವಾಸಿಗಳ ಮ್ಯಾರಥಾನ್ ಏರ್ಪಡಿಸುವುದೆಂದು ಕಾರ್ಯದರ್ಶಿಗಳು ಸಭೆಯಲ್ಲಿ ಘೋಷಿಸಿದರು. ಕಾಂಪೌಂಡಿಗೆ ಐದು ಸುತ್ತು, ಪ್ರದಕ್ಷಿಣೆಯಲ್ಲಿ. ನನಗೆ ಸುಮ್ಮನಿರಲಾಗಲಿಲ್ಲ. ಎದ್ದು ನಿಂತು, ಒಂದೂಮುಕ್ಕಾಲು ಕಿಲೋಮೀಟರಿಗೆ ಮ್ಯಾರಥಾನ್ ಎನ್ನಲಾಗದು, ಅದಕ್ಕೆ 42.195 ಆಗಲೇಬೇಕು ಎಂದೆ. ಕಾರ್ಯದರ್ಶಿಗಳು ಪುಸ್ತಕದಲ್ಲಿ ಏನೋ ಗುರುತು ಹಾಕಿಕೊಂಡರು.

"ಧಾರಾಳವಾಗಿ ಓಡಿ, ಯಾರೂ ಬೇಡ ಅನ್ನಲ್ಲ. ಆದ್ರೆ ತಿಂಡಿ ಒಂಬತ್ತು ಗಂಟೆಗೆ ಮುಗಿಯುತ್ತೆ."