ಹುಲಿಕೆರೆ ಬ್ರಾಂಚು

2020ರ ಮಾರ್ಚ್‌ನಲ್ಲಿ ಬೆಂಗಳೂರಿಗೆ ಬೀಗ ಬಿದ್ದಾಗ ಐಟಿಯವರ ಒಂದು ಬ್ರಾಂಚು ಹಳೇಬೀಡಿನ ಪಕ್ಕದ ನಮ್ಮ ಹುಲಿಕೆರೆಯಲ್ಲೂ ಶುರುವಾಯಿತು. ಬೋರ್ಡೊಂದು ಇರಲಿಲ್ಲ, ಅಷ್ಟೆ. ಅದಕ್ಕೂ ಮೊದಲು ಕಾಲ್ ಸೆಂಟರಿನವರು ಮನೆಯಿಂದ ದುಡಿಯಬೇಕೆಂದರೆ ಕಂಪನಿ ದೂರಸಂಪರ್ಕ ಇಲಾಖೆಗೆ ಭದ್ರತಾ ಠೇವಣಿ ಕಟ್ಟಬೇಕಿತ್ತು. ಆ ವರ್ಷದ ನವೆಂಬರಿನಲ್ಲಿ ಸರ್ಕಾರ ಅದನ್ನು ತೆಗೆದೇಹಾಕಿತು. ಆದರೆ ಮನೆಯಿಂದ ಕೆಲಸ ಮಾಡುವ ನಮ್ಮ ಹುಡುಗನಿಗೆ ದೊಡ್ಡಮ್ಮನ ಪರ್ಮಿಶನ್ನು ಕೊಡಿಸಲು ಯಾವ ಇಲಾಖೆಯಿದೆ?

"ಬೆಳಗ್ಗಿಂದ ಒಬ್ನೇ ಮಾತಾಡ್ತಾವ್ನೆ. ಅದ್ಯಾವ ಗಾಳಿ ಸೋಕ್ತೋ!" ಎನ್ನುತ್ತ ದೊಡ್ಡಮ್ಮ ಉಪ್ಪು, ಒಣಮೆಣಸಿನಕಾಯಿ ಹಿಡಿದು ನೇರ ಮೀಟಿಂಗಿಗೇ ಬಂದರು. ಮೂರು ಸಲ ನೀವಾಳಿಸಿ ಒಲೆಗೆ ಹಾಕಿದರು. ಘಾಟು ಬರದಿದ್ದರೆ ದೃಷ್ಟಿ ತಾಗಿದೆ ಎಂದು ಲೆಕ್ಕ. ಬಂತು, ಚೆನ್ನಾಗಿಯೇ ಬಂತು. ಕೆಮ್ಮಿದ್ದು ನಮ್ಮ ಹುಡುಗ, ಹೆದರಿದ್ದು ಬೆಂಗಳೂರು. ಕೊರೋನಾ ಕಾಲವಲ್ಲವೇ, ಮ್ಯಾನೇಜರು ತಾವಾಗಿಯೇ ಹದಿನೈದು ದಿನ ರಜೆ ಕೊಟ್ಟುಬಿಟ್ಟರು.

ಮನೆಯೊಳಗೆ ಸಿಗ್ನಲ್ಲು ಸಿಗದವರಿಗೆ ಹೊಯ್ಸಳರ ಕಾಲದ ಕೊಳದ ದಂಡೆಯೇ ಆಫೀಸು. ಅಲ್ಲೊಂದು ಸೌಕರ್ಯ ಬೇರೆ: ಒಂದೊಂದು ಮೆಟ್ಟಿಲು ಇಳಿದಂತೆ ಮೊಬೈಲಿನಲ್ಲಿ ಒಂದೊಂದು ಕಡ್ಡಿ ಇಳಿಯುತ್ತದೆ. ಬಾಸು ಕೆಲಸದ ಲೆಕ್ಕ ಕೇಳತೊಡಗಿದಾಗ ಎಷ್ಟನೇ ಮೆಟ್ಟಿಲಿಗೆ ಹೋಗಿ ನಿಲ್ಲಬೇಕು ಎನ್ನುವುದು ಊರಿನ ಹುಡುಗರಿಗೆಲ್ಲ ಬಾಯಿಪಾಠ.